ಹಗ್ಗ ಹಿಡಿದವರ ಮೀನು

ಮೀನಿನ ಲೆಕ್ಕವನ್ನು ಎಲ್ಲರೂ ಟನ್ನಿನಲ್ಲಿ ಕೊಡುತ್ತಾರೆ. ಈ ಸಲ ಬಂಗುಡೆ ಎಷ್ಟು ಬಂತು, ಬೂತಾಯಿ ಎಷ್ಟು ಕಡಿಮೆಯಾಯಿತು, ರಫ್ತು ಎಷ್ಟಾಯಿತು. ನಾನು ಹುಟ್ಟಿ ಬೆಳೆದದ್ದು ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಕಡಲಿಗೆ ತಾಗಿಕೊಂಡ ಒಂದು ಕೇರಿಯಲ್ಲಿ. ಇಂಥ ವರದಿ ಓದುವಾಗೆಲ್ಲ ನನ್ನೊಳಗೆ ಏಳುವ ಪ್ರಶ್ನೆಗಳೇ ಬೇರೆ. ಆ ಮೀನು ಎಲ್ಲಿ ಇಳಿಯಿತು? ಇಳಿಯುವಾಗ ಹತ್ತಿರ ಯಾರಿದ್ದರು? ಬುಟ್ಟಿ ಹಿಡಿದು ನಿಂತವರಿಗೆ ಏನಾದರೂ ದಕ್ಕಿತೆ? ಇವಕ್ಕೆ ಉತ್ತರ ಬಲೆಯಲ್ಲಿದೆ. ಯಾವ ಬಲೆ ಎಂದು ತಿಳಿದರೆ ಮೀನು ಯಾರ ಮನೆ ಸೇರಿತು ಎಂಬುದನ್ನು ಬಹುಪಾಲು ಹೇಳಿಬಿಡಬಹುದು. ದಡದಿಂದ ಎಳೆಯುವ ರಂಪಣಿ ಬಲೆಯ ಬಗ್ಗೆ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಳ್ಳುತ್ತಿರುವುದು ಈ ಕಾರಣಕ್ಕೆ.

ಹೊಸ ತಲೆಮಾರಿನವರಿಗೆ ಗೊತ್ತಿರುವುದು ಕೈರಂಪಣಿ ಮಾತ್ರ. ದಡದಲ್ಲಿ ನಿಂತು ಇಪ್ಪತ್ತು ಮೂವತ್ತು ಜನ ಎಳೆಯುವ ಸಣ್ಣ ಬಲೆ ಅದು. ಕಾರವಾರ, ಅಂಕೋಲಾದ ಕಡೆ ಅಂಥದ್ದಕ್ಕೆ ಏಂಡಿ ಬಲೆ ಎನ್ನುತ್ತಾರೆ. ನಾನು ಕಣ್ಣಾರೆ ಕಂಡದ್ದೂ ಹೆಚ್ಚಾಗಿ ಇದನ್ನೇ. ದೊಡ್ಡ ರಂಪಣಿ ನಾನು ಬುದ್ಧಿ ಬಲಿಯುವ ಹೊತ್ತಿಗೆ ನಮ್ಮೂರ ದಡದಿಂದ ಎದ್ದುಹೋಗಿತ್ತು. ಆದರೆ ಅದನ್ನು ಎಳೆದ ಕೈಗಳು ಕೇರಿಯ ತುಂಬ ಇದ್ದವು. ಸಂಜೆ ಜಗಲಿಯಲ್ಲಿ ಕೂತು ಹರಿದ ಬಲೆಯ ಕಣ್ಣು ಕಟ್ಟುತ್ತ ಅವರು ಆಡುತ್ತಿದ್ದ ಮಾತುಗಳಲ್ಲಿ ನಾನು ರಂಪಣಿಯನ್ನು ಕಂಡೆ.

ದೊಡ್ಡ ರಂಪಣಿಯೆಂದರೆ ಅರ್ಧ ಕಿಲೋಮೀಟರಿಗೂ ಮೀರಿ ಚಾಚುವ ಬಲೆ. ಕೆಲವು ಇನ್ನೂ ಉದ್ದ. ಒಬ್ಬ ಸಾಹುಕಾರ ದುಡ್ಡು ಹಾಕಿ ಮಾಡಿಸಿದ ಒಂದೇ ಬಲೆಯಲ್ಲ ಅದು. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತರುತ್ತಿದ್ದರು. ಆ ತುಂಡುಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಹೊಲಿದರೆ ರಂಪಣಿ. ನೈಲಾನ್ ಬರುವ ಮೊದಲು ನೂಲು ಹತ್ತಿಯದು, ಸೆಣಬಿನದು. ಉಪ್ಪುನೀರಿಗೆ ಕೊಳೆಯದಿರಲಿ ಎಂದು ಮರದ ತೊಗಟೆ ಕುದಿಸಿದ ಚೊಗರಿನಲ್ಲಿ ಅದ್ದಿ, ಮರಳ ಮೇಲೆ ಹರವಿ ಒಣಗಿಸಬೇಕಿತ್ತು. ಮೇಲಂಚಿಗೆ ಹಗುರ ಮರದ ತೇಲುಗಳು, ಕೆಳಗಂಚಿಗೆ ಕಲ್ಲಿನ ಗುಂಡುಗಳು, ಎಳೆಯಲು ತೆಂಗಿನ ನಾರಿನ ಹಗ್ಗ. ಹೊರಲು ಅಗಲ ತಳದ ದೊಡ್ಡ ದೋಣಿ. ಅದರ ಹಲಗೆಗಳಿಗೆ ಮೀನೆಣ್ಣೆಯ ಲೇಪ. ಇದರಲ್ಲಿ ಬಹಳಷ್ಟು ಊರಿನ ಸುತ್ತಮುತ್ತಲೇ ಸಿಗುತ್ತಿತ್ತು. ಈ ಬಲೆ ಗೋವೆಯ ಕಡೆಯಿಂದ, ಪೋರ್ಚುಗೀಸರ ಕಾಲದಲ್ಲಿ ಇತ್ತ ಇಳಿದು ಬಂತು ಎಂಬ ಮಾತಿದೆ. ಗೋವೆಯಲ್ಲಿ ಈಗಲೂ ಅದು ರಾಂಪೋಣ್, ಎಳೆಯುವವರು ರಾಂಪೋಣ್‌ಕಾರರು.

ಮಳೆಗಾಲ ಕಳೆದು ಕಡಲು ತಣಿದ ಮೇಲೆ ರಂಪಣಿಯ ಕಾಲ. ಅದಕ್ಕೂ ಒಂದು ಕಾರಣವಿದೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ತೀರದಲ್ಲಿ ಅಡಿಯ ತಣ್ಣನೆಯ ನೀರು ಸತ್ವ ಹೊತ್ತು ಮೇಲೇಳುತ್ತದೆ. ಕಣ್ಣಿಗೆ ಕಾಣದ ತೇಲುಸಸ್ಯ, ತೇಲುಜೀವಿ ಹುಲುಸಾಗಿ ಬೆಳೆಯುತ್ತವೆ. ಅವನ್ನು ಮೇಯಲು ಬೂತಾಯಿ, ಬಂಗುಡೆ ಹಿಂಡು ಹಿಂಡಾಗಿ ದಡಕ್ಕೆ ಹತ್ತಿರ ಬರುತ್ತವೆ. ನಮ್ಮ ಹಿರಿಯರಿಗೆ ಈ ವಿವರಣೆ ಗೊತ್ತಿರಲಿಲ್ಲ, ಆದರೆ ಬರುವ ಹೊತ್ತು ಗೊತ್ತಿತ್ತು. ನೀರಿನ ಬಣ್ಣ ಒಂದು ಕಡೆ ಕೆಂಪಗೆ ಕಪ್ಪಗೆ ತಿರುಗುವುದು, ಗಾಳಿಯಿಲ್ಲದೆಯೂ ನೀರಿನ ಮೇಲ್ಮೈ ನಡುಗುವುದು, ಹಕ್ಕಿಗಳು ಒಂದೇ ಜಾಗಕ್ಕೆ ಮತ್ತೆ ಮತ್ತೆ ಎರಗುವುದು. ಕತ್ತಲ ರಾತ್ರಿಗಳಲ್ಲಿ ಹಿಂಡು ಹೊರಳಿದಲ್ಲಿ ನೀರೇ ಬೆಳಗುತ್ತಿತ್ತು. ಇದನ್ನು ಓದಬಲ್ಲ ಕಣ್ಣು ಎಲ್ಲರಿಗೂ ಇರಲಿಲ್ಲ. ಇದ್ದವರ ಮಾತಿಗೆ ದೋಣಿಯ ಮುಖ್ಯಸ್ಥನಾದ ತಂಡೇಲನೂ ತಲೆಬಾಗುತ್ತಿದ್ದ.

"ಮೀನ್ ಬಂದಿತ್ತ್ ಕಾಣಿ!" ಎಂಬ ಕೂಗು ಕೇರಿಯ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಉಣ್ಣುತ್ತಿದ್ದವರು ಕೈತೊಳೆದು ಓಡುತ್ತಿದ್ದರು. ಹಗ್ಗದ ಒಂದು ತುದಿ ದಡದವರ ಕೈಯಲ್ಲಿ. ದೋಣಿ ಬಲೆ ಬಿಡುತ್ತ ಬಿಡುತ್ತ ಕಡಲಲ್ಲಿ ಅರ್ಧಚಂದ್ರ ಬರೆದು, ದೂರದಲ್ಲಿ ಮತ್ತೆ ದಡ ಮುಟ್ಟಿ, ಇನ್ನೊಂದು ತುದಿಯನ್ನು ಅಲ್ಲಿದ್ದವರಿಗೆ ಕೊಡುತ್ತಿತ್ತು. ಆಮೇಲೆ ಎರಡೂ ಕಡೆ ಸಾಲು. 60 ಜನ, 80 ಜನ, ದೊಡ್ಡ ಬಲೆಗೆ 100 ಜನ. ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ನಡೆಯುತ್ತ ಎಳೆಯಬೇಕು. ಕೊನೆಯಲ್ಲಿದ್ದವನು ತೆಂಗಿನ ಸಾಲು ಮುಟ್ಟಿದಾಗ ಹಗ್ಗ ಬಿಟ್ಟು ಓಡಿಬಂದು ನೀರಿನ ಬದಿಯಲ್ಲಿ ಹಿಡಿಯಬೇಕು. ಒಂದು ಕಡೆಯವರು ಬೇಗ ಎಳೆದು ಇನ್ನೊಂದು ಕಡೆ ಹಿಂದೆ ಬಿದ್ದರೆ ಬಲೆ ಓರೆಯಾಗಿ ಮೀನು ಜಾರುತ್ತದೆ. ಎರಡು ಸಾಲೂ ಒಂದೇ ಲಯದಲ್ಲಿರಲಿ ಎಂದೇ ಎಳೆಯುವಾಗ ಹಾಕುವ ಸೊಲ್ಲು. ಎಳೆಯುತ್ತ ಎಳೆಯುತ್ತ ಎರಡು ಸಾಲುಗಳೂ ಒಂದಕ್ಕೊಂದು ಹತ್ತಿರ ಸರಿಯುತ್ತ ಬಂದು, ಕೊನೆಗೆ ಅಕ್ಕಪಕ್ಕದಲ್ಲಿ ನಿಲ್ಲುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತಿದ್ದವು.

ಈಗ ನಾನು ಬಹಳ ಮೆಚ್ಚುವ ವಿಷಯಕ್ಕೆ ಬರುತ್ತೇನೆ. ಮೀನು ವಿಪರೀತ ಬಿದ್ದ ದಿನ ರಂಪಣಿಯನ್ನು ಪೂರ್ತಿ ಎಳೆಯುತ್ತಿರಲಿಲ್ಲ. ಬಲೆಯನ್ನು ನೀರಿನಲ್ಲೇ ಗಟ್ಟಿಯಾಗಿ ನಿಲ್ಲಿಸಿ, ಹೊರಗಿನಿಂದ ಇನ್ನೊಂದು ಬಲೆಯ ಕಾವಲು ಕೊಟ್ಟು, ಮೀನನ್ನು ಜೀವಂತವಾಗಿ ಒಳಗೇ ಇರಿಸುತ್ತಿದ್ದರು. ಬೇಕಾದಷ್ಟನ್ನು ಒಳಗಿನಿಂದ ಸಣ್ಣ ಬಲೆಯಲ್ಲಿ ಎತ್ತಿ ತರುವುದು, ಉಳಿದದ್ದು ನಾಳೆಗೆ, ನಾಡಿದ್ದಿಗೆ. ಮಂಜುಗಡ್ಡೆ ಇಲ್ಲದ ಕಾಲ. ಮಾರುವ ಹೆಂಗಸರು ಎಷ್ಟು ಹೊರಬಲ್ಲರು, ಉಪ್ಪು ಹಾಕುವ ಅಂಗಳದಲ್ಲಿ ಎಷ್ಟು ಹರವಬಹುದು ಎಂಬ ಅಂದಾಜಿನ ಮೇಲೆ ಮೀನು ಎತ್ತುವುದು ನಿಂತಿತ್ತು. ಇಂದಿನ ಬಂದರಿನಲ್ಲಿ ಒಂದೇ ಬೆಳಿಗ್ಗೆ ಎಲ್ಲ ಬೋಟುಗಳೂ ಒಟ್ಟಿಗೆ ಬೂತಾಯಿ ಸುರಿದು ರೇಟು ನೆಲ ಕಚ್ಚಿದಾಗ, ಆ ರಾಶಿ ಮೀನುಹಿಟ್ಟಿನ ಕಾರ್ಖಾನೆಯ ಲಾರಿ ಹತ್ತುವುದನ್ನು ನೋಡುವಾಗ, ಕಾಯಲು ಗೊತ್ತಿದ್ದ ಆ ಬಲೆ ನೆನಪಾಗುತ್ತದೆ.

ಪಾಲಿನ ವಿಷಯ. ಬಂದದ್ದರಲ್ಲಿ ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಎಳೆದ ಮೈಗೆ ಒಂದು ಪಾಲು, ದೇವರಿಗೂ ಒಂದಿಷ್ಟು. ಬಲೆಯ ಪಾಲು ತುಂಡಿನ ಲೆಕ್ಕದಲ್ಲಿ ಮನೆಮನೆಗೆ ಹಂಚಿಹೋಗುತ್ತಿತ್ತು. ಅಂದರೆ ಮನೆಯ ಗಂಡಸು ಜ್ವರ ಹಿಡಿದು ಮಲಗಿದ್ದರೂ ಆ ಮನೆಯ ತುಂಡು ಕಡಲಿಗೆ ಇಳಿದಿತ್ತು. ತುಂಡಿನ ಪಾಲು ಮನೆಗೆ ಬಂತು. ಒಂದೂರಿನಿಂದ ಇನ್ನೊಂದೂರಿಗೆ ಲೆಕ್ಕದ ವಿವರಗಳು ಬೇರೆಯಾಗುತ್ತಿದ್ದವು. ಹಗ್ಗ ಹಿಡಿದವನು ಬರಿಗೈಯಲ್ಲಿ ಹೋಗಬಾರದು ಎಂಬ ಮಾತು ಮಾತ್ರ ಎಲ್ಲ ಕಡೆಗೂ ಒಂದೇ. ಕೈರಂಪಣಿಯಲ್ಲಿ ಅದು ಇವತ್ತಿಗೂ ನಡೆಯುತ್ತದೆ. ದಾರಿಹೋಕನೊಬ್ಬ ಬಂದು ಮನಸ್ಸಿಟ್ಟು ಎಳೆದರೆ ಅವನ ಚೀಲಕ್ಕೂ ನಾಲ್ಕು ಮೀನು ಬೀಳುತ್ತದೆ. ಹಗ್ಗದ ಹಿಂದೆ ಸುಮ್ಮನೆ ನೇತಾಡುವ ಮಕ್ಕಳಿಗೂ ಸಿಗುತ್ತದೆ. ನಮಗೂ ಸಿಗುತ್ತಿತ್ತು. ಆ ಮೀನನ್ನು ಅಂಗಿಯ ಚುಂಗಿನಲ್ಲಿ ಕಟ್ಟಿಕೊಂಡು ಮನೆಗೆ ಓಡುವಾಗಿನ ಹೆಮ್ಮೆ ಇನ್ಯಾವ ಸಂಪಾದನೆಯಲ್ಲೂ ನನಗೆ ಬಂದಿಲ್ಲ.

ಇನ್ನು ಹೆಂಗಸರು. ನನ್ನ ಅಜ್ಜಿ ಮೀನು ಹೊತ್ತು ಮಾರಿದವಳು. ಮೀನು ಬೀಳುತ್ತಿದ್ದದ್ದು ಮನೆಯ ಹಿತ್ತಿಲು ದಾಟಿದರೆ ಸಿಗುವ ಮರಳಿನ ಮೇಲೆ. ಕೊಳ್ಳಲು ಮುಂಗಡ ಹಣ ಬೇಕಿರಲಿಲ್ಲ. ಮಾರಿ ಬಂದು ಸಂಜೆ ಕೊಟ್ಟರಾಯಿತು, ಯಾಕೆಂದರೆ ಹಿಡಿದವನು ಗಂಡನೋ ಭಾವನೋ ನೆರೆಮನೆಯವನೋ ಆಗಿದ್ದ. ಬುಟ್ಟಿ ತಲೆಗೇರಿಸಿ ಗದ್ದೆಯ ಅಂಚಿನ ಮೇಲೆ ಒಳನಾಡಿನ ಕಡೆ ನಡೆದುಬಿಡುತ್ತಿದ್ದಳು. ಅವಳಿಗೆ ಖಾಯಂ ಮನೆಗಳಿದ್ದವು. ದುಡ್ಡಿಲ್ಲದ ಮನೆಯಲ್ಲಿ ಅಕ್ಕಿ, ಬಾಳೆಕಾಯಿ, ಸೌತೆಕಾಯಿ. ಮಾರದೆ ಉಳಿದದ್ದಕ್ಕೆ ಉಪ್ಪು. ಬೇಸಿಗೆಯಲ್ಲಿ ಒಣಗಿಸಿದ ಮೀನು ಮಳೆಗಾಲದಲ್ಲಿ ಘಟ್ಟದ ಮೇಲಿನ ಮಲೆನಾಡಿಗೂ ಹೋಗುತ್ತಿತ್ತು. ರಂಪಣಿಯ ಹಗ್ಗ ಹಿಡಿದವರು ನಮ್ಮ ಕಡೆ ಗಂಡಸರೇ ನಿಜ, ಆದರೆ ಮೀನು ಮರಳ ಮೇಲೆ ಬಿದ್ದ ಕ್ಷಣದಿಂದ ಅದರ ಒಡೆತನ ಹೆಂಗಸರದು. ಬೆಲೆ ಹೇಳುವವಳು, ಸಾಲ ಕೊಡುವವಳು, ಸೊಸೈಟಿಗೆ ಕಟ್ಟುವವಳು, ಮಕ್ಕಳ ಶಾಲೆಯ ಫೀಸು ಕೊಡುವವಳು ಅವಳೇ.

ಕಡಲು ಮುಚ್ಚಿದ ಕಾಲಕ್ಕೆ ಹೊಳೆ ಇತ್ತು. ಕುಂದಾಪುರ–ಗಂಗೊಳ್ಳಿಯ ಅಳಿವೆಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಸೇರುತ್ತವೆ. ಅಲ್ಲಿ ಬೀಸುಬಲೆಯವರದ್ದೇ ಒಂದು ಲೋಕ. ಅಂಚಿಗೆ ಸೀಸದ ಗುಂಡು ಕಟ್ಟಿದ ದುಂಡನೆಯ ಬಲೆ. ಸೊಂಟ ತಿರುಗಿಸಿ ಎಸೆದರೆ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡು ವೃತ್ತವಾಗಿಯೇ ನೀರಿಗೆ ಬೀಳಬೇಕು. ಕಲಿಯಲು ವರ್ಷಗಳು ಬೇಕು, ಮತ್ತು ಇದು ಒಂಟಿಯ ಕಸುಬು. ಭರತ ಇಳಿದಾಗ ಮೊಣಕಾಲುದ್ದದ ನೀರಿನಲ್ಲಿ ಕೂತು ಕೈಯಿಂದಲೇ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವುದು ಹೆಚ್ಚಾಗಿ ಹೆಂಗಸರ ಕೆಲಸ. ಬಂಡೆಗೆ ಅಂಟಿದ ಪಚ್ಚಿಲೆ ಎಂಬ ಹಸಿರು ಚಿಪ್ಪುಮೀನು ಕೀಳಲು ಅಲೆಯ ನಡುವೆ ಇಳಿಯುವ ಗಂಡಸರು ಬೇರೆ. ಉತ್ತರಕ್ಕೆ ಕುಮಟಾದ ಅಘನಾಶಿನಿಯ ಅಳಿವೆಯಲ್ಲಂತೂ ಗಜನಿ ಎಂಬ ಇನ್ನೂ ಸೊಗಸಾದ ಏರ್ಪಾಡಿದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಗದ್ದೆ, ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಮೀನು, ಸಿಗಡಿ. ಕಟ್ಟೆಯ ಬಾಗಿಲು ತೆರೆದು ಭರತದ ನೀರು ಒಳಗೆ ಬಿಡುವುದು, ಇಳಿತದ ನೀರು ಹೊರಗೆ ಹರಿಯುವಾಗ ಬಾಗಿಲಿಗೆ ಬಲೆ ಕಟ್ಟುವುದು. ಅಣೆಕಟ್ಟು ಕಾಣದೆ ಕಡಲು ಸೇರುವ ಆ ನದಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮನ್ನಣೆ ಸಿಕ್ಕಿತು. ಓದಿ ಕಣ್ಣು ತುಂಬಿ ಬಂತು. ಗಜನಿಯ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಇಷ್ಟು ಸಾಕು.

ಮಳೆಗಾಲದ ಕಡಲಿಗೂ ತನ್ನದೇ ಕ್ರಮ. ಈಗ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿಯ ಒಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಅವಕಾಶ. ಆದರೆ ಅವಕಾಶ ಇದೆಯೆಂದು ಯಾರೂ ಮೊದಲ ದಿನವೇ ಇಳಿಯುವುದಿಲ್ಲ. ತೂಫಾನ್ ಏಳಬೇಕು, ಕಡಲು ಒಮ್ಮೆ ಬುಡಮೇಲಾಗಬೇಕು, ಹೊಳೆಯ ಕೆಸರು ನೀರು ಕಡಲಿಗೆ ನುಗ್ಗಬೇಕು. ಆಮೇಲೆ ಸಿಗಡಿ ಮೇಲೆ ಬರುತ್ತದೆ ಎಂಬುದು ನಂಬಿಕೆಯೂ ಹೌದು, ಅನುಭವವೂ ಹೌದು. ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯ ವರಾಹಸ್ವಾಮಿ ದೇವಸ್ಥಾನದ ಎದುರು ಕಡಲಲ್ಲಿ ಮಿಂದು, ಹಿಂದೆ ಸೌಪರ್ಣಿಕೆಯಲ್ಲಿ ಮಿಂದು ಜನ ಕೈಮುಗಿಯುತ್ತಾರೆ. ಮೀನಿಗಾಗಿ ಬೇಡುವವರೂ ಬೆಳೆಗಾಗಿ ಬೇಡುವವರೂ ಒಂದೇ ಸಾಲಿನಲ್ಲಿ.

ರಂಪಣಿಯನ್ನು ಅಡಗಿಸಿದ್ದು ಪರ್ಸಿನ್ ಬಲೆ. ಕಡಲ ತಳದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳು ಅದಕ್ಕೂ ಮೊದಲೇ ಬಂದಿದ್ದವು, ಆದರೆ ಅವು ಹುಡುಕುತ್ತಿದ್ದದ್ದು ಮುಖ್ಯವಾಗಿ ತಳದ ಸಿಗಡಿಯನ್ನು. 1975ರ ಆಚೀಚೆ ಬಂದ ಪರ್ಸಿನ್ ನೇರವಾಗಿ ಕೈಯಿಟ್ಟದ್ದು ರಂಪಣಿಯ ಮೀನಿಗೇ. ಬಲೆಯ ಅಡಿಯಂಚಿಗೆ ಬಳೆಗಳು, ಬಳೆಗಳ ಒಳಗೆ ಹಗ್ಗ. ಹಿಂಡನ್ನು ಸುತ್ತುವರಿದು ಹಗ್ಗ ಎಳೆದರೆ ದುಡ್ಡಿನ ಸಂಚಿಯ ಬಾಯಿ ಕಟ್ಟಿದ ಹಾಗೆ ತಳ ಮುಚ್ಚಿಕೊಳ್ಳುತ್ತದೆ. ದಡವೇ ಬೇಡ. ಎಂಜಿನ್ ಇದೆ, ಹಿಂಡು ಎಲ್ಲಿದೆಯೋ ಅಲ್ಲಿಗೆ ಹೋದರಾಯಿತು. ಕೆಲವೇ ವರ್ಷಗಳಲ್ಲಿ ಅಂಥ ಬೋಟುಗಳು ನೂರಾರಾದವು. ರಂಪಣಿಯವರು ದಡದಲ್ಲಿ ಕಾದರು. ಮೀನು ದಡಕ್ಕೆ ಬರುವ ಮೊದಲೇ ಸುತ್ತುವರಿಯಲ್ಪಟ್ಟಿತ್ತು. ಜಗಳಗಳಾದವು. ಗೋವೆಯಲ್ಲಿ ಮತಾನ್ಹಿ ಸಲ್ಡಾನ್ಹಾ ಅವರಂಥವರ ಮುಂದಾಳತ್ವದಲ್ಲಿ ರಾಂಪೋಣ್‌ಕಾರರು ಯಾಂತ್ರೀಕೃತ ಬೋಟುಗಳ ವಿರುದ್ಧ ದೊಡ್ಡ ಚಳವಳಿಯನ್ನೇ ಕಟ್ಟಿದರು. 1980ರಲ್ಲಿ ಅಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ನಮ್ಮ ರಾಜ್ಯದ ಕಾಯ್ದೆ 1986ರದ್ದು. ಅಷ್ಟರಲ್ಲಿ ನಮ್ಮ ದೊಡ್ಡ ರಂಪಣಿಗಳ ತುಂಡುಗಳು ಬಿಚ್ಚಿಹೋಗಿ, ಹಟ್ಟಿಯ ಅಟ್ಟಕ್ಕೆ, ತರಕಾರಿ ಬೇಲಿಗೆ ಸೇರಿದ್ದವು.

ಇದನ್ನು ಹೇಳುವಾಗ ನ್ಯಾಯ ತಪ್ಪಬಾರದು. ಪರ್ಸಿನ್ ಬೋಟ್ ಹತ್ತಿದವರು ಹೊರಗಿನವರಲ್ಲ. ರಂಪಣಿಯ ತಂಡದವರೇ ಕೂಡಿ ಸಾಲ ಮಾಡಿ ಬೋಟ್ ಕೊಂಡದ್ದೂ ಇದೆ. ನನ್ನ ದೊಡ್ಡಪ್ಪನೂ ಹತ್ತಿದ. ರಂಪಣಿಯ ಕಾಲ ಸುಖದ ಕಾಲವೂ ಆಗಿರಲಿಲ್ಲ. ಮೀನು ಬಾರದ ವರ್ಷ ಹಸಿವು ಮನೆಯೊಳಗೇ ಕೂತಿರುತ್ತಿತ್ತು. ಅತಿಯಾಗಿ ಬಂದ ವರ್ಷ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಬೂತಾಯಿ ಏರುವುದು ಇಳಿಯುವುದು ಮಳೆ, ನೀರಿನ ಬಿಸಿ, ಮೇವು ಇವನ್ನೆಲ್ಲ ಅವಲಂಬಿಸಿದೆ. ಬಲೆಯೊಂದನ್ನೇ ದೂರುವುದು ತಪ್ಪು. ಆದರೂ ಒಂದು ಮಾತನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಪರ್ಸಿನ್ ಬಂದಾಗ ಮೀನು ಹಿಡಿಯುವ ಕೈ ಬದಲಾದದ್ದಕ್ಕಿಂತ ದೊಡ್ಡ ಬದಲಾವಣೆ, ಮೀನು ಇಳಿಯುವ ಜಾಗ ಬದಲಾದದ್ದು. ಊರೂರಿನ ಮರಳಿನಲ್ಲಿ ಇಳಿಯುತ್ತಿದ್ದ ಮೀನು ಮಲ್ಪೆ, ಗಂಗೊಳ್ಳಿ, ಮಂಗಳೂರು, ಹೊನ್ನಾವರ, ಕಾರವಾರದ ಬಂದರುಗಳಿಗೆ ಹೋಯಿತು. ಅಲ್ಲಿ ಏಲಂ. ಏಲಂ ಕೂಗಲು ಕೈಯಲ್ಲಿ ಗಂಟು ಬೇಕು, ಲಾರಿ ಬೇಕು, ಮಂಜುಗಡ್ಡೆ ಬೇಕು. ಬುಟ್ಟಿ ಹೊತ್ತ ಹೆಂಗಸು ಬೆಳಗಿನ ಜಾವ ಬಸ್ಸೋ ಟೆಂಪೋವೋ ಹಿಡಿದು ಬಂದರಿಗೆ ಹೋಗಬೇಕಾಯಿತು. ನಾಲ್ಕಾರು ಜನ ಕೂಡಿ ಒಂದು ರಾಶಿ ಕೊಂಡು ಹಂಚಿಕೊಳ್ಳುವ ಹೊಸ ದಾರಿಯನ್ನು ಅವರೇ ಕಂಡುಕೊಂಡರು. ಅದು ಅವರ ಗಟ್ಟಿತನ. ಆದರೆ ಸಂಜೆ ಕೊಟ್ಟರಾಯಿತು ಎಂಬ ಆ ಹಳೆಯ ಸಲಿಗೆ ಅಲ್ಲಿ ಸಿಗಲಿಲ್ಲ. ವಯಸ್ಸಾದವರು, ನಡೆಯಲಾರದವರು ಮನೆಯಲ್ಲೇ ಉಳಿದರು. ನನ್ನ ಅಜ್ಜಿ ಉಳಿದದ್ದೂ ಹಾಗೆಯೇ.

ಮಾಟುಬಲೆಯಂಥ ಬಲೆಗಳೊಂದಿಗೆ ನಾಡದೋಣಿಯವರು, ಪಟ್ಟೆಬಲೆಯವರು, ಕೈರಂಪಣಿಯವರು ಇಂದಿಗೂ ಬದುಕುತ್ತಿದ್ದಾರೆ. ಸೀಮೆಎಣ್ಣೆಯ ಕೋಟಾಕ್ಕಾಗಿ ಅವರು ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಪ್ರಖರ ಬೆಳಕು ಹಾಯಿಸಿ ಮೀನನ್ನು ಮರುಳುಗೊಳಿಸಿ ಬಾಚುವ ಲೈಟ್ ಫಿಶಿಂಗನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಕಾಗದದ ಮೇಲಿನ ಆ ನಿಷೇಧ ಕಡಲ ಮೇಲೆ ನಿಲ್ಲಲಿ ಎಂದು ನಾಡದೋಣಿಯವರು ಮತ್ತೆ ಮತ್ತೆ ಕೇಳುತ್ತಲೇ ಇದ್ದಾರೆ. ಕೈರಂಪಣಿಯಲ್ಲಿ ಈಗ ಮೀನಿನ ಜೊತೆ ಪ್ಲಾಸ್ಟಿಕ್ ಬರುತ್ತದೆ, ಕೆಲವು ದಿನ ಅದೇ ಹೆಚ್ಚು. ಎಳೆಯುವವರಲ್ಲಿ ಹೆಚ್ಚಿನವರ ತಲೆ ನರೆತಿದೆ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ದಡದಿಂದ ಎಳೆಯುವ ಬಲೆಗೆ ದಡ ಬೇಕು. ಇಳಿಜಾರಾದ, ಕಲ್ಲಿಲ್ಲದ, ಅಗಲವಾದ ಮರಳು ಬೇಕು. ಕಡಲ್ಕೊರೆತ ತಡೆಯಲೆಂದು ತೀರದುದ್ದಕ್ಕೂ ಸುರಿದ ಬಂಡೆಗಳ ಗೋಡೆ ಎಷ್ಟು ಮನೆಗಳನ್ನು ಉಳಿಸಿದೆಯೋ, ಆದರೆ ಅದು ಎದ್ದ ಕಡೆ ರಂಪಣಿ ಎಳೆಯುವಂತಿಲ್ಲ. ಬಲೆ ಕಲ್ಲಿಗೆ ಸಿಕ್ಕಿ ಚಿಂದಿಯಾಗುತ್ತದೆ, ಹಿಂದಕ್ಕೆ ನಡೆಯಲು ಜಾಗವಿಲ್ಲ. ಕಾರವಾರದ ಬಿಣಗಾ, ಅರ್ಗಾದ ಕಡೆಯ ದಡಗಳು ಸೀಬರ್ಡ್ ನೌಕಾನೆಲೆಗೆ ಹೋದವು, ಮೀನುಗಾರ ಕುಟುಂಬಗಳು ಚದುರಿದವು. 2020ರ ಜನವರಿಯಲ್ಲಿ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಬಂದರು ವಿಸ್ತರಣೆಗೆ ಅಡ್ಡ ನಿಂತ ಮೀನುಗಾರರ ಮಾತೂ ಇದೇ ಆಗಿತ್ತು: ಬಲೆ ಎಳೆಯಲು ನಮಗೆ ಉಳಿದಿರುವ ಮರಳು ಇದು. ಹೊರಗಿನವರಿಗೆ ಅಲ್ಲಿ ಕಾಣುವುದು ಖಾಲಿ ಬೀಚು. ಬಲೆ ಎಳೆಯದ ಹೊತ್ತಿನಲ್ಲಿ ಅದು ಖಾಲಿಯಾಗಿಯೇ ಕಾಣುತ್ತದೆ. ಹೊಲಕ್ಕೆ ಪಹಣಿ ಇದೆ, ಹಗ್ಗ ಎಳೆಯುವ ಮರಳಿಗೆ ಯಾವ ಕಾಗದವೂ ಇಲ್ಲ.

ಒಂದು ದಾರಿ ಇದೆ ಎಂದು ನನಗನ್ನಿಸುತ್ತದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೀನುಗಾರರ ಊರುಗಳನ್ನು, ಅವರು ಒಟ್ಟಾಗಿ ಬಳಸುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಬೇಕು ಎಂದು ಹೇಳಿದೆ. ಮೀನು ಒಣಗಿಸುವ ಅಂಗಳ, ಜೆಟ್ಟಿ, ಐಸ್ ಪ್ಲಾಂಟ್ ಇಂಥವು ಆ ಮಾತಿನೊಳಗೆ ಸುಲಭವಾಗಿ ಬಂದುಬಿಡುತ್ತವೆ, ಯಾಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ರಂಪಣಿ ಎಳೆಯುವ ಜಾಗ ಕಾಣುವುದಿಲ್ಲ, ಅದನ್ನು ಹೇಳಿಯೇ ಬರೆಸಬೇಕು. ಪಂಚಾಯಿತಿಯಲ್ಲಿ ಇಂಥ ನಕ್ಷೆಯ ಮಾತು ಬಂದಾಗ, ಎಳೆದು ಗೊತ್ತಿರುವ ಹಿರಿಯರನ್ನು ಕೈಹಿಡಿದು ಕರೆದುಕೊಂಡು ಹೋಗಿ. ಮೊದಲ ಹಗ್ಗ ಎಲ್ಲಿ ಹಿಡಿಯುತ್ತಾರೆ, ದೋಣಿ ಎಲ್ಲಿ ದಡ ಮುಟ್ಟುತ್ತದೆ, ಎರಡರ ನಡುವೆ ಎಷ್ಟು ಉದ್ದ ಬೇಕು, ಹಿಂದಕ್ಕೆ ನಡೆಯಲು ನೀರಿನಿಂದ ತೆಂಗಿನ ಸಾಲಿನ ತನಕ ಎಷ್ಟು ಅಗಲ ಬೇಕು, ಮೀನು ಹರವುವುದೆಲ್ಲಿ, ಬುಟ್ಟಿಯವರು ನಿಲ್ಲುವುದೆಲ್ಲಿ. ಇದನ್ನೆಲ್ಲ ಅವರ ಬಾಯಲ್ಲೇ ಹೇಳಿಸಿ, ಟೇಪು ಹಿಡಿದು ಅಳೆಸಿ, ಗಡಿಕಲ್ಲು ಹಾಕಿಸಿ. ನಮ್ಮೂರಿನಲ್ಲಿ ಹಾಗೆ ಹೇಳಬಲ್ಲವರು ಇನ್ನೂ ಇದ್ದಾರೆ. ಈ ಮಳೆಗಾಲ ಮುಗಿಯುವುದರೊಳಗೆ ಅವರನ್ನೆಲ್ಲ ಒಟ್ಟು ಸೇರಿಸುವ ಕೆಲಸವನ್ನು ನಾವು ಕೆಲವರು ಶುರುಮಾಡಿದ್ದೇವೆ.